ನಾನು ತಿದ್ದಿದ ಮೂವತ್ತೆರಡು ಹೆಂಗಸರು

ನಮ್ಮ ಚೈತ್ರ ಡಾಕ್ಟರಾದಳು. ಇವತ್ತು ಮಧ್ಯಾಹ್ನ ಹನ್ನೆರಡೂವರೆಗೆ ಫೋನು ಬಂತು. ನಾನು ಆಗ ಒಂದು ಬ್ಲೌಸಿಗೆ ತೋಳು ಕೂರಿಸುತ್ತಿದ್ದೆ. ಸಂತೋಷದಲ್ಲಿ ಎಡಗಡೆ ತೋಳನ್ನು ಬಲಗಡೆಗೆ ಕೂರಿಸಿಬಿಟ್ಟೆ. ಪರವಾಗಿಲ್ಲ, ಬಿಚ್ಚಿ ಹೊಲಿದರಾಯಿತು. ಮೊಮ್ಮಗಳು ಡಾಕ್ಟರಾಗುವುದು ದಿನಾ ಇರುತ್ತದೆಯೇ? ಇವಳು ಸೂಜಿ ಚುಚ್ಚುವ ಡಾಕ್ಟರಲ್ಲ, ಚುಚ್ಚುವುದೆಲ್ಲ ನಮ್ಮ ಮನೆಯಲ್ಲಿ ನನ್ನದೇ ಕೆಲಸ. ಇವಳು ದಪ್ಪ ಪುಸ್ತಕ ಬರೆದು ಆದ ಡಾಕ್ಟರು. ವಯಸ್ಸಾದವರ ಬಗ್ಗೆ ಜನ ಏನು ಅಂದುಕೊಂಡಿದ್ದಾರೆ, ವಯಸ್ಸಾದವರು ತಮ್ಮ ಬಗ್ಗೆ ತಾವು ಏನು ಅಂದುಕೊಂಡಿದ್ದಾರೆ ಎಂದು ನಾಲ್ಕು ವರ್ಷ ಸಂಶೋಧನೆ ಮಾಡಿದ್ದಾಳೆ. ದೊಡ್ಡ ದೊಡ್ಡ ಪ್ರೊಫೆಸರುಗಳು ಎದುರಿಗೆ ಕೂತು ಒಂದೇ ಸಮನೆ ಪ್ರಶ್ನೆ ಕೇಳಿದರಂತೆ, ಇವಳು ಎಲ್ಲಕ್ಕೂ ಉತ್ತರ ಕೊಟ್ಟಳಂತೆ, ಕೊನೆಗೆ ಅವರೇ ಎದ್ದು ಕೈ ಕುಲುಕಿದರಂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಐದಕ್ಕೆ ಹೋಗುವಷ್ಟರಲ್ಲಿ ನಮ್ಮಪ್ಪ ಹೊಲಿಗೆ ಮಿಷನ್ನಿನ ಮುಂದೆ ಕೂರಿಸಿದರು, ಇನ್ನೂ ಎದ್ದಿಲ್ಲ. ಅಂಥವಳ ಮೊಮ್ಮಗಳು ಡಾಕ್ಟರ್ ಚೈತ್ರ! ಬೀದಿಯಲ್ಲಿ ಹೋಗುತ್ತಿದ್ದ ಸೊಪ್ಪಿನವಳನ್ನು ನಿಲ್ಲಿಸಿ ಹೇಳಿದೆ. ಗ್ಯಾಸ್ ಸಿಲಿಂಡರ್ ತಂದವನಿಗೂ ಹೇಳಿದೆ. ಅವನು ಸಂತೋಷ ಅಮ್ಮ, ಇಲ್ಲೊಂದು ಸಹಿ ಮಾಡಿ ಅಂದ.

ಇಷ್ಟು ಕುಣಿಯುತ್ತಿರುವವಳು ಒಂದು ಮಾತು ಒಪ್ಪಿಕೊಳ್ಳಬೇಕು. ಈ ಪಟ್ಟ ಅವಳ ಕೈತಪ್ಪಿ ಹೋಗುವ ಹಾಗೆ ಮಾಡಿದ್ದವಳೂ ನಾನೇ.

ಕುವೆಂಪುನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬ್ಲೌಸು, ಲಂಗ, ಸೀರೆಗೆ ಫಾಲ್ಸು. ನನ್ನ ಗಿರಾಕಿಗಳಿಗೆಲ್ಲ ನನ್ನ ಜೊತೆಜೊತೆಗೇ ವಯಸ್ಸಾಯಿತು. ಈಗಿನ ಹುಡುಗಿಯರು ರೆಡಿಮೇಡ್ ತೊಟ್ಟುಕೊಳ್ಳುತ್ತಾರೆ, ಇಲ್ಲವೇ ತಲೆಯಿಲ್ಲದ ಗೊಂಬೆ ನಿಲ್ಲಿಸಿರುವ ಬೊಟಿಕ್ಕಿಗೆ ಹೋಗುತ್ತಾರೆ. ವಯಸ್ಸಾಗುವುದು ಎಂದರೇನು ಎಂದು ಯಾರಾದರೂ ನನ್ನನ್ನೇ ಕೇಳಿದ್ದರೆ ಸಂಶೋಧನೆ ಅರ್ಧ ದಿನದಲ್ಲಿ ಮುಗಿಯುತ್ತಿತ್ತು. ನನ್ನ ಅಳತೆ ಪುಸ್ತಕ ತೆಗೆದು ತೋರಿಸುತ್ತಿದ್ದೆ. ಬೆನ್ನು ಬಾಗುತ್ತಾ ಹಿಂದಿನ ಉದ್ದ ಹೆಚ್ಚುತ್ತದೆ, ಮುಂದಿನದು ಕಡಿಮೆಯಾಗುತ್ತದೆ. ತೋಳು ಸಣ್ಣಗಾಗುತ್ತದೆ, ಸೊಂಟ ಅದರ ಪಾಡಿಗೆ ಅದು ಹೊರಡುತ್ತದೆ. ಕೈ ಬೆನ್ನಿಗೆ ಎಟುಕದ ಕಾಲಕ್ಕೆ ಹಿಂದಿನ ಹುಕ್ಕು ಮುಂದಕ್ಕೆ ಬರುತ್ತದೆ. ಬೆರಳಿಗೆ ಹುಕ್ಕೂ ಸಿಗದ ಕಾಲಕ್ಕೆ ಪ್ರೆಸ್ ಬಟನ್ನು. ಆಮೇಲೆ ಸೊಸೆ ಬಂದು, ಅತ್ತೆಗೆ ಇನ್ನು ನೈಟಿಯೇ ಸಾಕು ಬಿಡಿ ಅನ್ನುತ್ತಾಳೆ. ಅಲ್ಲಿಗೆ ಒಂದು ಗಿರಾಕಿ ಕಡಿಮೆ.

ನಮ್ಮ ಕಸುಬಿನಲ್ಲಿ ಒಂದು ರೀತಿ ಇದೆ. ಅಳತೆ ತೆಗೆಯುವಾಗ ಹೆಂಗಸರು ಹೊಟ್ಟೆಯನ್ನು ಒಳಗೆ ಎಳೆದುಕೊಂಡು, "ಮೂವತ್ತನಾಲ್ಕು ಅಂತ ಬರ್ಕೊ ಜಯಮ್ಮ" ಅನ್ನುತ್ತಾರೆ. ಟೇಪು ಮೂವತ್ತೆಂಟು ಅನ್ನುತ್ತಿರುತ್ತದೆ. ನಾನು ಬಾಯಲ್ಲಿ ಮೂವತ್ತನಾಲ್ಕು ಅನ್ನುತ್ತೇನೆ, ಪುಸ್ತಕದಲ್ಲಿ ಮೂವತ್ತೆಂಟು ಬರೆಯುತ್ತೇನೆ. ಬ್ಲೌಸು ಸರಿಯಾಗಿ ಕೂರುತ್ತದೆ. ಅವರು ಕನ್ನಡಿ ಮುಂದೆ ತಿರುಗಿ ನೋಡಿಕೊಂಡು, ನಾನು ಹೇಳಲಿಲ್ಲವಾ ಎಂದು ಖುಷಿಯಾಗಿ ಹೋಗುತ್ತಾರೆ. ಇದರಲ್ಲಿ ಯಾರಿಗೂ ಮೋಸವಿಲ್ಲ. ಗಿರಾಕಿ ಹೇಳಿದ್ದನ್ನೇ ಬರೆದುಕೊಳ್ಳುವ ಟೈಲರು ಆರು ತಿಂಗಳಲ್ಲಿ ಅಂಗಡಿ ಮುಚ್ಚುತ್ತಾಳೆ.

ಇಂಥ ಕೈಗೆ ಚೈತ್ರ ತನ್ನ ಫಾರಂಗಳನ್ನು ಕೊಟ್ಟಳು. ಅವಳಿಗೆ ಅರವತ್ತು ದಾಟಿದ ಹೆಂಗಸರು ಬೇಕಾಗಿತ್ತು, ನನ್ನ ಅಂಗಡಿಗೆ ಬರುವವರೆಲ್ಲ ಅವರೇ. ಬಂದವರಿಗೆ ಒಂದೊಂದು ಫಾರಂ ಕೊಡುವುದು, ಅವರು ಅಲ್ಲೇ ಕೂತು ತುಂಬುವುದು, ಮಡಚಿ ಒಂದು ಡಬ್ಬಿಗೆ ಹಾಕುವುದು. ಪ್ರತಿ ಪ್ರಶ್ನೆಗೂ ಐದು ಚೌಕ. ಪೂರ್ತಿ ಒಪ್ಪುತ್ತೇನೆ ಎನ್ನುವುದರಿಂದ ಸ್ವಲ್ಪವೂ ಒಪ್ಪುವುದಿಲ್ಲ ಎನ್ನುವವರೆಗೆ. ಒಂದಕ್ಕೆ ಗುರುತು ಹಾಕಬೇಕು. ಹೆಸರು ಬರೆಯಬಾರದು. ಮನಸ್ಸು ಬದಲಾದರೆ ಅಳಿಸಿ ಬರೆಯಲಿ ಎಂದು ಪೆನ್ಸಿಲು, ರಬ್ಬರು ಎರಡನ್ನೂ ಇಟ್ಟಿದ್ದಳು. ಯಾರ ಫಾರಂ ಯಾವುದು ಎಂದು ಯಾರಿಗೂ ತಿಳಿಯಬಾರದು ಅಜ್ಜಿ, ಅದೇ ಇದರ ನಿಯಮ ಎಂದು ಮೂರು ಸಲ ಹೇಳಿ ಹೋದಳು. ನಾನು ಆಯಿತು ಅಂದೆ. ಡಬ್ಬಿ ತುಂಬಿದ ಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿ ಮಿಷನ್ನಿನ ಮೋಟಾರು ನಿಂತಿತು. ಕೈ ಸುಮ್ಮನಿರಲಿಲ್ಲ. ಒಂದು ತೆಗೆದು ನೋಡಿದೆ.

ಹೆಸರು ಯಾಕೆ ಬೇಕು ಹೇಳಿ? ಪೇಪರು ಹರಿಯುವ ಹಾಗೆ ಒತ್ತಿ ಬರೆದಿದ್ದಾರೆ ಎಂದರೆ ಅದು ಸುಬ್ಬಲಕ್ಷ್ಮಮ್ಮ, ಅವರು ಹುಕ್ಕನ್ನೂ ಹಾಗೇ ಕೀಳುತ್ತಾರೆ. ಮೂಲೆಯಲ್ಲಿ ಕಾಫಿ ಕಲೆ ಇದ್ದರೆ ಕಮಲಮ್ಮ. ಗುರುತು ಹಾಕುವ ಬದಲು ಪ್ರತಿ ಚೌಕದಲ್ಲೂ ಪುಟ್ಟದಾಗಿ ಶ್ರೀ ಬರೆದವರು ನಾಗರತ್ನಮ್ಮ. ಒಬ್ಬೊಬ್ಬರದಾಗಿ ಓದುತ್ತಾ ಹೋದೆ. ಎಲ್ಲ ಸುಳ್ಳು! ಮನೆಯಲ್ಲಿ ಎಲ್ಲರೂ ನನ್ನ ಮಾತು ಕೇಳುತ್ತಾರೆ ಎನ್ನುವುದನ್ನು ಸುಬ್ಬಲಕ್ಷ್ಮಮ್ಮ ಪೂರ್ತಿ ಒಪ್ಪಿದ್ದರು. ಅವರ ಮನೆಯಲ್ಲಿ ನಾಯಿಯೂ ಅವರ ಮಾತು ಕೇಳುವುದಿಲ್ಲ. ನನಗೆ ಒಂಟಿತನ ಅನ್ನಿಸುತ್ತದೆ ಎನ್ನುವುದಕ್ಕೆ ನಾಗರತ್ನಮ್ಮ ಸ್ವಲ್ಪವೂ ಒಪ್ಪುವುದಿಲ್ಲ ಎಂದು ಶ್ರೀ ಬರೆದಿದ್ದರು. ಪಾಪದ ಹೆಂಗಸು ದಿನಾ ನಾಲ್ಕು ಗಂಟೆಗೆ ನನ್ನ ಅಂಗಡಿಗೆ ಬಂದು ಏಳರ ತನಕ ಸ್ಟೂಲಿನ ಮೇಲೆ ಕೂರುತ್ತಾರೆ. ಮನೆಯಲ್ಲಿ ಮಾತಾಡಿಸುವವರಿದ್ದರೆ ಯಾರು ಹಾಗೆ ಬಂದು ಕೂರುತ್ತಾರೆ? ಇದನ್ನೆಲ್ಲ ನಂಬಿಕೊಂಡು ನನ್ನ ಮೊಮ್ಮಗಳು ಪುಸ್ತಕ ಬರೆದರೆ ಅದು ಯಾರ ಮೈಗೆ ಕೂತೀತು? ಹೊಟ್ಟೆ ಒಳಗೆ ಎಳೆದುಕೊಂಡು ಕೊಟ್ಟ ಅಳತೆಗಳು ಇವು. ರಬ್ಬರು ಅಲ್ಲೇ ಇತ್ತು. ಕರೆಂಟು ಬರುವಷ್ಟರಲ್ಲಿ ಮೂವತ್ತೆರಡು ಹೆಂಗಸರನ್ನು ಸರಿ ಮಾಡಿ ಮುಗಿಸಿದೆ. ಅಷ್ಟು ತೃಪ್ತಿ ನನಗೆ ಮದುವೆ ಸೀಸನ್ನಿನಲ್ಲೂ ಸಿಕ್ಕಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ ಚೈತ್ರ ಯೂನಿವರ್ಸಿಟಿಯಿಂದ ಬಂದು ಬ್ಯಾಗನ್ನೂ ಇಳಿಸದೆ ಅಂಗಡಿಯ ಬಾಗಿಲಲ್ಲಿ ನಿಂತಳು. ಅವಳ ಗೈಡು ಮೇಡಂ ಫಾರಂಗಳನ್ನು ಬೆಳಕಿಗೆ ಹಿಡಿದು ನೋಡಿದ್ದಾರೆ. ಬಹಳ ಕಡೆ ಅಳಿಸಿದ ಗುರುತು, ಅಳಿಸಿದ ಕಡೆಯೆಲ್ಲ ಒಂದೇ ಥರದ ಅಡ್ಡಗೀಟು. ನಾವು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಹಾಕುತ್ತೇವಲ್ಲ, ಆ ಗೀಟು. ನೀನೇ ಮನೆಯಲ್ಲಿ ಕೂತು ತುಂಬಿಕೊಂಡು ಬಂದೆಯಾ ಎಂದು ಕೇಳಿದರಂತೆ. ಹಾಗೇನಾದರೂ ಆಗಿದ್ದರೆ ಸಂಶೋಧನೆ ಇಲ್ಲಿಗೇ ನಿಂತುಹೋಗುತ್ತದೆ, ಮುಂದೆ ಯಾರೂ ನಿನ್ನನ್ನು ಹತ್ತಿರ ಸೇರಿಸುವುದಿಲ್ಲ ಅಂದರಂತೆ. ಇಷ್ಟನ್ನೂ ಅವಳು ಗಟ್ಟಿಯಾಗಿ ಹೇಳಲಿಲ್ಲ, ನೆಲ ನೋಡಿಕೊಂಡು ಹೇಳಿದಳು. ಆಮೇಲೆ ಕೇಳಿದಳು:

"ಅಜ್ಜಿ, ಇದನ್ನ ಯಾರು ಅಳಿಸಿದ್ದು?"

"ನಾನೇ ಕಣಮ್ಮ. ಎಲ್ಲಾ ಸುಳ್ಳು ಬರ್ದಿದ್ರು. ಸರಿ ಮಾಡ್ಬುಟ್ಟೆ."

"ಎಲ್ಲಾರ್ದೂನಾ?"

"ಎಲ್ಲಾರ್ದೂ ಎಲ್ಲಿ? ಕಮಲಮ್ಮಂದು ಸರಿಯಾಗೇ ಇತ್ತು."

ಅವಳು ನಾಗರತ್ನಮ್ಮನವರ ಸ್ಟೂಲಿನ ಮೇಲೆ ಕೂತು ಅತ್ತಳು. ಬೈದಿದ್ದರೆ ನಾನು ನಾಲ್ಕು ಮಾತು ತಿರುಗಿ ಅನ್ನಬಹುದಿತ್ತು. ಅಳುವವಳ ಮುಂದೆ ಟೇಪು ಕುತ್ತಿಗೆಗೆ ಹಾಕಿಕೊಂಡು ನಿಲ್ಲುವುದು ಬಹಳ ಕಷ್ಟ. ನಮ್ಮ ಯಜಮಾನರು ಒಳಗಿನಿಂದ ಬಂದು ಏನಾಯಿತು ಎಂದು ಕೇಳಿದರು. ನಿಮಗೆ ಇದೆಲ್ಲ ತಿಳಿಯುವುದಿಲ್ಲ, ಒಳಗೆ ಹೋಗಿ ಅಂದೆ. ಹೋದರು.

ಮಾರನೆಯ ದಿನ ಚೈತ್ರಳ ಸ್ಕೂಟರಿನ ಹಿಂದೆ ಕೂತು ನಾನೇ ಯೂನಿವರ್ಸಿಟಿಗೆ ಹೋದೆ. ಜೀವಮಾನದಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದ್ದು ತಪ್ಪು ಒಪ್ಪಿಕೊಳ್ಳುವುದಕ್ಕೆ. ಗೈಡು ಮೇಡಂ ನನ್ನನ್ನು ನೋಡಿ ನಗುತ್ತಾ ಕೈ ಮುಗಿದರು, ಆಮೇಲೆ ಚೈತ್ರಳ ಕಡೆ ತಿರುಗಿ, ಅಜ್ಜಿಗೆ ಓದುವುದಕ್ಕೆ ಬರುತ್ತದಾ ಎಂದು ಕೇಳಿದರು. ಇದು ನನಗೆ ಹೊಸದಲ್ಲ. ಕಣ್ಣಿನ ಡಾಕ್ಟರು ನನ್ನ ಕಣ್ಣಿಗೇ ಟಾರ್ಚು ಬಿಟ್ಟುಕೊಂಡು, ಇವರಿಗೆ ಕಾಣಿಸುತ್ತದಾ ಎಂದು ನನ್ನ ಸೊಸೆ ಸುಧಾಳನ್ನು ಕೇಳುತ್ತಾರೆ. ಬ್ಯಾಂಕಿನಲ್ಲಿ ನಾನು ಬದುಕಿದ್ದೇನೆ ಎಂದು ತೋರಿಸಲು ಹೋದರೆ ಅದನ್ನೂ ಮಗನನ್ನೇ ಕೇಳುತ್ತಾರೆ. ಆದರೆ ವಯಸ್ಸಾದವರನ್ನು ಹೇಗೆ ಕಾಣಬೇಕು ಎಂದು ಪಾಠ ಹೇಳುವ ಮೇಡಂ ಬಾಯಲ್ಲೂ ಅದೇ ಬಂದಾಗ ನಾನು ತಪ್ಪು ಮಾಡಿದವಳು ಎನ್ನುವುದೇ ಮರೆತುಹೋಯಿತು.

"ಓದಕ್ಕೂ ಬರುತ್ತೆ ಮೇಡಂ, ಕಿವೀನೂ ಕೇಳುತ್ತೆ" ಅಂದೆ. "ನಿಮ್ ಬ್ಲೌಸಿನ ಎಡಗಡೆ ಭುಜ ಅರ್ಧ ಇಂಚು ಜಾರ್ತಾ ಇದೆ, ಅದೂ ಕಾಣುತ್ತೆ."

ಚೈತ್ರ ಕಣ್ಣು ಮುಚ್ಚಿಕೊಂಡಳು. ಮೇಡಂ ಭುಜ ಮುಟ್ಟಿ ನೋಡಿಕೊಂಡು ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಆಮೇಲೆ ಎಲ್ಲವನ್ನೂ ನನ್ನನ್ನೇ ಕೇಳಿದರು. ಅಳತೆ ಪುಸ್ತಕದ ವಿಷಯ ಹೇಳಿದಾಗ ಒಂದು ಸಲ ನಕ್ಕರು. ಆದರೆ ಫಾರಂ ವಿಷಯದಲ್ಲಿ ನಗಲಿಲ್ಲ. ಅಷ್ಟನ್ನೂ ಮೊದಲಿಂದ ಮಾಡಬೇಕು, ಪೆನ್ನಿನಲ್ಲಿ ತುಂಬಬೇಕು, ಅವರವರ ಮನೆಯಲ್ಲೇ ತುಂಬಬೇಕು, ನಾನು ಆ ಬೀದಿಯಲ್ಲೂ ಇರಬಾರದು. ಅದಕ್ಕೆ ಮೊದಲು ಮೂವತ್ತೆರಡು ಜನರಿಗೂ ನಾನೇ ಹೋಗಿ, ನಿಮ್ಮ ಉತ್ತರ ತಿದ್ದಿದ್ದೆ ಎಂದು ಹೇಳಿ ಬರಬೇಕು. ಒಬ್ಬರು ಆಗುವುದಿಲ್ಲ ಅಂದರೂ ಅವರ ಜಾಗಕ್ಕೆ ಬೇರೆಯವರನ್ನು ಹುಡುಕಿಕೊಂಡು ಚೈತ್ರ ಇನ್ನಷ್ಟು ತಿಂಗಳು ಅಲೆಯಬೇಕು.

ಸುಬ್ಬಲಕ್ಷ್ಮಮ್ಮ ಎರಡು ವಾರ ಮಾತು ಬಿಟ್ಟು, ದೀಪಾವಳಿ ಬ್ಲೌಸಿಗಾಗಿ ಮತ್ತೆ ಮಾತು ಶುರುಮಾಡಿದರು. ಕೆಲವರು, ಹೋಗಲಿ, ನನ್ನದಕ್ಕೆ ಏನು ಬರೆದಿದ್ದೆ ಹೇಳು ಎಂದು ಬಾಗಿಲು ಹಾಕಿಕೊಂಡು ಕೇಳಿದರು. ಇಬ್ಬರು, ನೀನು ಬರೆದದ್ದೇ ಸರಿ, ಆದರೆ ಇನ್ನೊಂದು ಸಲ ಕೊಟ್ಟರೂ ನಾನು ಹಳೆಯದನ್ನೇ ಬರೆಯುವುದು ಅಂದರು. ನಾಗರತ್ನಮ್ಮನವರ ಮನೆಗೆ ಮಾತ್ರ ಕೊನೆಯಲ್ಲಿ ಹೋದೆ. ಅವರು ಸೊಸೆಯ ಜೊತೆ ಕೂತು ಅವರೆಕಾಯಿ ಬಿಡಿಸುತ್ತಾ ಯಾವುದೋ ಮಾತಿಗೆ ನಗುತ್ತಿದ್ದರು. ಅದನ್ನು ನೋಡಿಯೇ ನನಗೆ ಅನುಮಾನ ಬರಬೇಕಿತ್ತು. ವಿಷಯ ಹೇಳಿದೆ. ಅವರು ಕಾಯಿ ಕೆಳಗಿಟ್ಟರು.

"ನಂಗೆ ಮಾತಾಡ್ಸೋರಿಲ್ಲ ಅಂತ ಬರ್ದ್ಯಾ?"

"ಮತ್ತೆ ದಿನಾ ಬಂದು ಏಳರ ಗಂಟ ಕೂತಿರ್ತೀರಲ್ಲ ನಾಗರತ್ನಮ್ಮನೋರೆ?"

"ಅಯ್ಯೋ ಜಯಮ್ಮ, ನಾನು ಬರೋದು ನೀನು ಒಬ್ಳೇ ಆ ಮಿಷನ್ ಮುಂದೆ ಕೂತಿರ್ತೀಯಲ್ಲ ಪಾಪ ಅಂತ. ನನ್ ಮಂಡಿನೋವಲ್ಲಿ ಆ ಸ್ಟೂಲ್ ಮೇಲೆ ಕೂರೋದು ಸುಲಭಾನಾ?"

ಅವರ ಸೊಸೆ ತಲೆ ತಗ್ಗಿಸಿ ಅವರೆಕಾಯಿ ಎಣಿಸುವವಳಂತೆ ನೋಡುತ್ತಿದ್ದಳು. ಇಷ್ಟು ವರ್ಷ ನಾನು ಅವರನ್ನು ಮರುಕದಿಂದ ಕೂರಿಸಿಕೊಂಡಿದ್ದೆ, ಅವರು ನನ್ನ ಮೇಲಿನ ಮರುಕದಿಂದ ಬಂದು ಕೂರುತ್ತಿದ್ದರು. ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. ಒಂದು ಲೋಟ ಕಾಫಿ ಕೊಟ್ಟು, ನಿನ್ನ ಮೊಮ್ಮಗಳಿಗೆ ಬರುವುದಕ್ಕೆ ಹೇಳು, ನೀನು ಬರಬೇಡ ಅಂದರು. ಅವರು ಹೂಂ ಅಂದದ್ದು ಗೊತ್ತಾಗಿ ಉಳಿದವರೂ ಒಬ್ಬೊಬ್ಬರಾಗಿ ಹೂಂ ಅಂದರು. ಒಂದೂ ಫಾರಂ ಕಡಿಮೆಯಾಗಲಿಲ್ಲ. ಚೈತ್ರ ಎರಡು ತಿಂಗಳು ಮನೆಮನೆ ಅಲೆದು ಬಂದಳು. ಆ ಎರಡು ತಿಂಗಳಲ್ಲಿ ಅವಳ ಬ್ಯಾಗಿನ ಕಡೆ ನಾನು ಕಣ್ಣೆತ್ತಿ ನೋಡಲಿಲ್ಲ. ನೋಡಬೇಕು ಅನ್ನಿಸಿದಾಗಲೆಲ್ಲ ಎದ್ದು ಹೋಗಿ ಗುಂಡಿಯ ಕಾಜ ಹೊಲಿಯುತ್ತಿದ್ದೆ. ಬೇಕಾಗಿದ್ದಕ್ಕಿಂತ ನೂರು ಕಾಜ ಹೆಚ್ಚಾಗಿರಬೇಕು.

ಅಂಥ ಚೈತ್ರ ಇವತ್ತು ಡಾಕ್ಟರು. ಸಂಜೆ ಮನೆಗೆ ಬಂದವಳೇ ನನ್ನ ಕಾಲಿಗೆ ಬಿದ್ದಳು, ನಾನು ಅವಳ ಕಾಲಿಗೆ ಬೀಳುವುದೊಂದು ಬಾಕಿ. ನನ್ನ ಅವಾಂತರವನ್ನೂ ಪುಸ್ತಕದಲ್ಲಿ ಒಂದು ಪುಟ ಬರೆದಿದ್ದಾಳಂತೆ, ಹೆಸರು ಹಾಕಿಲ್ಲವಂತೆ. ಹಾಕಬಹುದಿತ್ತು. ಸುಧಾ ಒಬ್ಬಟ್ಟು ಮಾಡಿದ್ದಳು, ಜೊತೆಗೆ ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಶಾವಿಗೆ ಪಾಯಸ. ಎಂಟು ಗಂಟೆಗೆಲ್ಲ ಹಾಲಿನಲ್ಲಿ ಎಲೆ ಹಾಕಿ ಮಗ, ಸೊಸೆ, ಚೈತ್ರ, ನಮ್ಮ ಯಜಮಾನರು ಎಲ್ಲರೂ ಸಾಲಾಗಿ ಕೂತರು. ಮಂಡಿಯ ದೆಸೆಯಿಂದ ಯಜಮಾನರಿಗೆ ಮಾತ್ರ ಮೇಜು. ಬಡಿಸುವುದು ನಾನೇ ಎಂದು ಹಟ ಹಿಡಿದು ಪಾಯಸದ ಪಾತ್ರೆ ಎತ್ತಿಕೊಂಡೆ. ಚೈತ್ರಳಿಗೆ ಎರಡು ಸೌಟು, ಸುಧಾಳಿಗೆ ಒಂದು, ಮಗನಿಗೆ ಒಂದೂವರೆ. ಯಜಮಾನರ ಎದುರು ಬಂದು, ಇವರಿಗೆ ಬೇಡ, ಶುಗರು, ಮೊದಲಿಂದಲೂ ಸಿಹಿ ಅಷ್ಟಾಗಿ ಸೇರುವುದಿಲ್ಲ ಎಂದು ಎಲ್ಲರಿಗೂ ಹೇಳಿ ಮುಂದಕ್ಕೆ ಹೋದೆ.

"ನನ್ನನ್ನ ಯಾರಾದ್ರೂ ಕೇಳಿದ್ರಾ?" ಅಂದರು.

ಮೆತ್ತಗೆ ಅಂದರು, ಎಲೆಯ ಕಡೆ ನೋಡಿಕೊಂಡೇ ಅಂದರು. ಐವತ್ತೊಂದು ವರ್ಷದ ಸಂಸಾರದಲ್ಲಿ ಅವರು ಇದನ್ನು ಹಿಂದೆ ಎಷ್ಟು ಸಲ ಅಂದಿದ್ದರೋ, ನನಗೆ ಕೇಳಿಸಿದ್ದು ಇದೇ ಮೊದಲು. ಚೈತ್ರ ಒಬ್ಬಟ್ಟು ಮುರಿಯುವುದನ್ನು ಬಿಟ್ಟು ನನ್ನನ್ನೇ ನೋಡಿದಳು. ಡಾಕ್ಟರಾದ ಮೇಲೆ ಅವಳ ಆ ನೋಟವೂ ಸ್ವಲ್ಪ ದೊಡ್ಡದಾಗಿದೆ. ನಾನು ಹಿಂದಕ್ಕೆ ಬಂದು, ಬೆನ್ನು ಎಷ್ಟಾಗುತ್ತದೋ ಅಷ್ಟು ಬಗ್ಗಿಸಿ, ಸಾಕಷ್ಟು ಮರ್ಯಾದೆಯಿಂದಲೇ ಕೇಳಿದೆ: ಪಾಯಸ ಬೇಕಾ ನಿಮಗೆ?

ಅವರು ಕನ್ನಡಕ ಸರಿ ಮಾಡಿಕೊಂಡರು. ಪಾತ್ರೆಯ ಒಳಗೆ ನೋಡಿದರು. ಮಗನನ್ನು, ಸೊಸೆಯನ್ನು, ಡಾಕ್ಟರನ್ನು ಒಂದು ಸುತ್ತು ನೋಡಿದರು. ಎಲ್ಲರೂ ಕೈಯಲ್ಲಿದ್ದ ತುತ್ತನ್ನು ಕೈಯಲ್ಲೇ ಹಿಡಿದು ಕಾಯುತ್ತಿದ್ದರು.

"ಯೋಚ್ನೆ ಮಾಡಿ ಹೇಳ್ತೀನಿ" ಅಂದರು.

ಊಟ ಸಾಗಿತು. ಚಿತ್ರಾನ್ನ ಎರಡನೇ ಸಲ ಬಂತು, ಮಜ್ಜಿಗೆ ಬಂತು, ಮಗ ಬೆರಳು ನೆಕ್ಕಿದ, ಡಾಕ್ಟರು ಮೂರನೇ ಒಬ್ಬಟ್ಟಿಗೆ ಕೈ ಹಾಕಿದಳು. ನಾನು ಪಾಯಸದ ಸೌಟು ಹಿಡಿದುಕೊಂಡು ಅವರ ಪಕ್ಕದಲ್ಲೇ ನಿಂತಿದ್ದೆ. ಅವರು ನಿಧಾನವಾಗಿ ಕೋಸಂಬರಿ ಅಗಿಯುತ್ತಾ ಯೋಚನೆ ಮಾಡುತ್ತಲೇ ಇದ್ದರು.