ಅತ್ತೆ ನಿಲ್ಲಿಸಿದ ಬಸ್ಸು

ಸರ್ಕಾರ ನಡೆಯುವುದು ವಿಧಾನಸೌಧದಿಂದ ಎಂದು ನೀವು ತಿಳಿದಿದ್ದರೆ, ಪಾಪ, ನಿಮಗೆ ನಮ್ಮ ಸೋದರತ್ತೆಯ ಪರಿಚಯವಿಲ್ಲ! ಮೊದಲ ಸಲ ಓಟು ಹಾಕಿ ಬಂದ ದಿನದಿಂದ ಅವಳು ಸರ್ಕಾರವನ್ನು ಮನೆಯ ಆಳಿನಂತೆ ಗದರುತ್ತಿದ್ದಳು.

ನಮ್ಮೂರು ದಾವಣಗೆರೆಗೂ ಹರಿಹರಕ್ಕೂ ನಡುವೆ. ಖಾಸಗಿ ಬಸ್ಸುಗಳ ಕಾಲದಲ್ಲಿ ಕೈ ಎತ್ತಿದರೆ ನಿಲ್ಲುತ್ತಿದ್ದವು. ಜೋರಾಗಿ ಕೆಮ್ಮಿದರೂ ನಿಲ್ಲುತ್ತಿದ್ದವು! ಸರ್ಕಾರಿ ಬಸ್ಸು ಬಂತು ನೋಡಿ, ನಮ್ಮೂರಲ್ಲಿ ಬರೀ ಧೂಳನ್ನು ಇಳಿಸಿ ಹೋಗತೊಡಗಿತು.

ನಾನು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದೆ. ಒಂದು ದಿನ ದಾವಣಗೆರೆಯ ನರ್ಸಮ್ಮ ಬಂದು, "ಹೆರಿಗೆಗೆ ಎಲ್ಲಾರೂ ಆಸ್ಪತ್ರೆಗೇ ಬರಬೇಕ್ರಿ, ಸರ್ಕಾರ ಹೇಳೈತೆ" ಎಂದಳು.

"ಬಸ್ಸೇ ನಿಲ್ಲಲ್ಲ. ನಿಮ್ಮ ಸರ್ಕಾರ ಬಸುರಿ ಹೆಣ್ಮಕ್ಕಳಿಗೆ ರೆಕ್ಕೆ ಹಚ್ಚಿ ಕೊಡ್ತೈತೇನು?" ಎಂದಳು ಅತ್ತೆ.

ಮರುದಿನ ಬೆಳಿಗ್ಗೆ ರಸ್ತೆ ನಡುವೆ ನಮ್ಮನೆಯ ಹಗ್ಗದ ಮಂಚ, ಹೊರಸು! ಹೊರಸಿನ ಮೇಲೆ ಅತ್ತೆ! ಬಸ್ಸು ಕಿರ್ರೆಂದು ನಿಂತಿತು. ಕಂಡಕ್ಟರ್ ಧುಮುಕಿ ಬಂದ.

"ಏಳ್ರಿ ಅಮ್ಮಾರೇ, ಇಲ್ಲಿ ಸ್ಟಾಪ್ ಇಲ್ಲ."

"ನಿಂತೈತಲ್ಲಪ್ಪ! ನಿಂತಿದ್ದಕ್ಕೆ ನಿಮ್ಮಲ್ಲಿ ಏನಂತಾರೆ?"

ಕಂಡಕ್ಟರ್ ಡ್ರೈವರನ ಮುಖ ನೋಡಿದ. ಡ್ರೈವರ್ ಆಕಾಶ ನೋಡಿದ. ಅಷ್ಟರಲ್ಲಿ ಇಬ್ಬರು ಬಸುರಿಯರು, ಒಬ್ಬ ಮುದುಕ ಮತ್ತು ಅವನ ಕೋಳಿಗಳು ಹತ್ತಿ ಕುಳಿತಾಗಿತ್ತು!

ಸಂಜೆ ಪೊಲೀಸರು ಬಂದು ಹೊರಸನ್ನು ಹೊತ್ತೊಯ್ದರು. "ಸರ್ಕಾರಕ್ಕೆ ನಿದ್ದೆ ಬಂದಿರಬೇಕು, ಮಲಗ್ಲಿ ಬಿಡು" ಎಂದಳು ಅತ್ತೆ.

ಬಸ್ಸು ಮತ್ತೆ ಧೂಳೆಬ್ಬಿಸಿ ಓಡತೊಡಗಿತು. ಆ ಹೊತ್ತಿಗೆ ಸರಿಯಾಗಿ ದಾವಣಗೆರೆಗೆ ಮಂತ್ರಿಗಳು ಬಂದರು. ಅತ್ತೆ ಸುಮ್ಮನಿರುತ್ತಾಳೆಯೇ? ಎತ್ತಿನ ಗಾಡಿ ಕಟ್ಟಿಸಿ ಹೊರಟಳು. ಹೊಟ್ಟೆ ಹೊತ್ತ ನಾನೂ ಜೊತೆಗೆ!

"ನಮ್ಮ ಬಸ್ಸುಗಳು ಎಷ್ಟು ವೇಗವಾಗಿ ಓಡುತ್ತಿವೆ, ನೋಡಿ!" ಎಂದರು ಮಂತ್ರಿಗಳು, ಭಾಷಣದಲ್ಲಿ.

ಅತ್ತೆ ಎದ್ದು ನಿಂತಳು. "ಓಡೋದು ದಿನಾ ನೋಡ್ತೀವ್ರಿ ಸಾಹೇಬ್ರೇ. ನಿಲ್ಲೋದನ್ನ ಯಾವಾಗ ತೋರಿಸ್ತೀರಿ?"

ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಮಂತ್ರಿಗಳೂ ನಕ್ಕರು.

"ನಗಬ್ಯಾಡ್ರಿ. ಆಸ್ಪತ್ರೆಗೆ ಬರ್ರಿ ಅಂದೋರು ನೀವೇ. ದಾರೀಲಿ ಹೆತ್ರೆ ಕೂಸಿಗೆ ನಿಮ್ಮ ಹೆಸರೇ ಇಡ್ತೀವಿ!"

ಮಂತ್ರಿಗಳಿಗೆ ಅಷ್ಟೊಂದು ಮಕ್ಕಳು ಬೇಡವಾಗಿತ್ತೇನೋ, ಕೆಲವೇ ದಿನಗಳಲ್ಲಿ ನಮ್ಮೂರಿಗೆ ಸ್ಟಾಪ್ ಬಂತು!

ನನಗೆ ನೋವು ಶುರುವಾದ ದಿನ ಕೈ ಎತ್ತುವ ಮೊದಲೇ ಬಸ್ಸು ನಿಂತಿತು. ಅದೇ ಕಂಡಕ್ಟರ್ ನಮಗೆ ಮುಂದಿನ ಸೀಟು ಬಿಡಿಸಿಕೊಟ್ಟ. ಬಸ್ಸು ಹೊರಟಿದ್ದೇ ತಡ, ಅತ್ತೆ ಕಣ್ಣು ಬಿಗಿಯಾಗಿ ಮುಚ್ಚಿ ನನ್ನ ಕೈ ಹಿಡಿದುಕೊಂಡಳು.

"ಅತ್ತೆ, ಇಷ್ಟು ದಿನ ನೀನು ಬಸ್ಸೇ ಹತ್ತಿಲ್ಲೇನು?"

"ನನಗೆಲ್ಲಿಗೆ ಹೋಗೋದಿತ್ತೇ?" ಎಂದಳು, ಕಣ್ಣು ಬಿಡದೆ. "ಸುಮ್ನೆ ಕೂಡು. ನಿನ್ನ ಕೈ ನಡುಗ್ತೈತೆ."

ನಡುಗುತ್ತಿದ್ದುದು ನನ್ನ ಕೈಯಲ್ಲ. ಆದರೂ ದಾವಣಗೆರೆ ಬರುವವರೆಗೆ ನಾನು ಅದನ್ನು ಬಿಡಿಸಿಕೊಳ್ಳಲಿಲ್ಲ.