ಮೂರು ನಿಮಿಷದ ಆಟಕ್ಕೆ ಬೆಲ್ಲ-ನೀರು

ನಮ್ಮ ಭಾವನನ್ನು ಚೆಸ್ಸಿನಲ್ಲಿ ಸೋಲಿಸಿದವರು ಭೂಮಿಯ ಎಲ್ಲ ಖಂಡಗಳಲ್ಲೂ ಇದ್ದಾರೆ. ಇಷ್ಟು ವಿಶಾಲವಾಗಿ ಸೋತ ಇನ್ನೊಬ್ಬರನ್ನು ನಾನಂತೂ ಕಂಡಿಲ್ಲ! ಆಟ ಬಾರದೆ ಸೋಲುತ್ತಾರೆಂದು ಮಾತ್ರ ತಿಳಿಯಬೇಡಿ. ಭಾವ ಸೋಲುವುದು ಮರ್ಯಾದೆಯ ದೆಸೆಯಿಂದ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಉಡುಪಿ, ಉದ್ಯೋಗ ಈ ಅರಬ್ಬರ ನಾಡಿನಲ್ಲಿ, ರುಸೈಲಿನ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್, ವಾಸ ಅಲ್ ಹೈಲಿನಲ್ಲಿ ನಮ್ಮ ಪಕ್ಕದ ಫ್ಲಾಟು. ನಡುವೆ ಒಂದೇ ಗೋಡೆ. ಅದನ್ನು ಗೋಡೆ ಎಂದು ಕರೆಯುವುದೂ ದಾಕ್ಷಿಣ್ಯಕ್ಕೆ. ಆಚೆ ಅವರು ಆಕಳಿಸಿದರೆ ಈಚೆ ನನ್ನ ಬಾಯಿ ತೆರೆದುಕೊಳ್ಳುತ್ತದೆ.

ಅವರದು ಫೋನಿನಲ್ಲಿ ಆಡುವ ಮೂರು ನಿಮಿಷದ ಚೆಸ್. ಒಬ್ಬೊಬ್ಬರಿಗೆ ಮೂರೇ ನಿಮಿಷ. ಅದು ಮುಗಿದರೆ ರಾಜ ಎಷ್ಟೇ ಸುಖವಾಗಿದ್ದರೂ ಸೋಲು. ಜಗತ್ತಿನ ಉಳಿದ ಜನ ಮೊದಲ ಸೆಕೆಂಡಿನಲ್ಲೇ ಪದಾತಿಯನ್ನು ಮುಂದೆ ನೂಕಿದರೆ, ಭಾವ ಒಂದೇ ಬೆರಳಿನಲ್ಲಿ ಎದುರಾಳಿಗೆ ಇಂಗ್ಲಿಷಿನಲ್ಲಿ ಬರೆಯುತ್ತಾ ಕೂರುತ್ತಾರೆ: ನಮಸ್ಕಾರ, ಹೇಗಿದ್ದೀರಿ, ತಿಂಡಿ ಆಯಿತೇ? ಇಷ್ಟಾಗುವಾಗ ಇವರ ಗಡಿಯಾರದಲ್ಲಿ ನಲವತ್ತು ಸೆಕೆಂಡು ಕರಗಿರುತ್ತದೆ.

“ಇದೆಲ್ಲ ಬೇಕಾ ಭಾವ?” ಎಂದು ನಾನು ಒಮ್ಮೆ ಕೇಳಿದ್ದೆ.

“ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡದೆ ಸೀದಾ ಜಗಳಕ್ಕೆ ನಿಲ್ಲುವುದುಂಟಾ ಮಾರಾಯ? ನಮ್ಮ ಊರಲ್ಲಿ ಎಲ್ಲಿಯಾದರೂ ಕಂಡಿದ್ದೀಯಾ?”

ಎದುರಾಳಿಗಳಲ್ಲಿ ಈ ಉಪಚಾರಕ್ಕೆ ಉತ್ತರ ಕೊಡುವವರು ಯಾರೂ ಇಲ್ಲ. ಒಬ್ಬ ಮಾತ್ರ ‘ಬೇಗ ಆಡು’ ಎಂದು ಬರೆದಿದ್ದ. ಭಾವನಿಗೆ ಸ್ವರ್ಗ ಮೂರೇ ಗೇಣು! “ನೋಡು, ಮಾತಾಡಿದ!” ಎಂದು ನನಗೆ ತೋರಿಸುವಷ್ಟರಲ್ಲಿ ಸಮಯ ಮುಗಿದು ಸೋತರು.

ಇನ್ನೊಂದು ಸಲ ಎದುರಾಳಿಯ ಬೆರಳು ಜಾರಿ, ಅವನ ರಾಣಿ ಇವರ ಆನೆಯ ಬಾಯಿಗೇ ಬಂದು ನಿಂತಿತು. ನೀವಾದರೆ ಬಿಡುತ್ತಿದ್ದಿರಾ? ಭಾವ ಆನೆಯನ್ನು ಒಂದು ಮನೆ ಆಚೆ ಸರಿಸಿ, ರಾಣಿಗೆ ವಾಪಸು ಹೋಗಲು ದಾರಿ ಮಾಡಿಕೊಟ್ಟರು. ಆ ರಾಣಿ ನಾಲ್ಕೇ ನಡೆಯಲ್ಲಿ ಇವರ ರಾಜನನ್ನು ಖಲಾಸ್ ಮಾಡಿತು. “ಹೋಗಲಿ, ಕೈಜಾರಿ ಬಿದ್ದದ್ದನ್ನು ಎತ್ತಿ ಕಿಸೆಗೆ ಹಾಕಿಕೊಳ್ಳುವುದು ಚಂದವಲ್ಲ” ಎಂದು ಇವರು ಗೆದ್ದವರಂತೆ ಬೀಗಿದರು.

ಆಟದ ನಡುವೆ ಎದ್ದು ಹೋಗುವುದಂತೂ ಭಾವನ ಕಾನೂನಿನಲ್ಲಿ ಮಹಾಪರಾಧ. ಒಮ್ಮೆ ಯಾರೋ ಬಂಗುಡೆ ಹುರಿದ ಹೊಗೆಗೆ ಕಟ್ಟಡದ ಫೈರ್ ಅಲಾರಂ ಬಡಿದುಕೊಂಡು, ನಾವೆಲ್ಲ ಮೆಟ್ಟಿಲಿಳಿದು ಓಡಿದೆವು. ಭಾವ ಕೊನೆಯವರಾಗಿ, ಆಡುತ್ತಲೇ, ಒಂದೊಂದೇ ಮೆಟ್ಟಿಲು ಇಳಿದು ಬಂದರು. “ಹೇಳದೆ ಎದ್ದು ಹೋದರೆ ಪಾಪ, ಅವನಿಗೆ ಎಂತ ಅನ್ನಿಸಬಹುದು?”

ಇದೆಲ್ಲವನ್ನೂ ಸಹಿಸಬಹುದು. ಆದರೆ ಶಬ್ದ! ಕಾಯಿ ಇಟ್ಟರೆ ಟಕ್, ಕಡಿದರೆ ಟಕಾರ್, ಕೊನೆಯ ಹತ್ತು ಸೆಕೆಂಡಿಗೆ ಕಿಣಿಕಿಣಿ ಎಂಬ ಆರ್ತನಾದ. ಫೋನಿನ ಧ್ವನಿ ಯಾವಾಗಲೂ ತುತ್ತತುದಿಯಲ್ಲಿ. ಎದುರಾಳಿ ಕಾಯಿ ಇಟ್ಟದ್ದು ಕೇಳಿಸದಿದ್ದರೆ, ಬಾಗಿಲು ತಟ್ಟಿದವರಿಗೆ ಓಗೊಡದೆ ಕೂತ ಹಾಗಂತೆ. ಅಕ್ಕನ ಕುಕ್ಕರ್ ಮಾತ್ರ ಕೂಗಕೂಡದು, ಏಕಾಗ್ರತೆ ಹಾಳು! ಆದರೂ ಅಡುಗೆಮನೆಯಿಂದ ಅಕ್ಕ “ಸೀಟಿ ಎಷ್ಟಾಯ್ತು ರೀ?” ಎಂದರೆ, “ಮೂರು, ನಾಲ್ಕನೆಯದು ಬರ್ತಾ ಉಂಟು” ಎಂದು ತಪ್ಪದೆ ಲೆಕ್ಕ ಒಪ್ಪಿಸುವವರು ಭಾವನೇ.

ಶುಕ್ರವಾರ ನಮಗಿಲ್ಲಿ ರಜೆ. ರಜೆಯ ನಿದ್ದೆಯ ಮೇಲೆ ಬೆಳಿಗ್ಗೆ ಆರಕ್ಕೇ ಟಕ್ ಟಕಾರ್ ಬಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಬರ್ಕಾ ಪೇಟೆಯಿಂದ ವಯರಿನ ಹೆಡ್‌ಫೋನ್ ತಂದುಕೊಟ್ಟೆ. “ನೆಂಟರ ಎದುರು ಕಿವಿ ಮುಚ್ಚಿಕೊಳ್ಳುವುದಾ?” ಎಂದು ಭಾವ ಅದನ್ನು ಪೆಟ್ಟಿಗೆಯ ಸಮೇತ ಕಪಾಟಿಗೆ ಸೇರಿಸಿದರು.

ಅಷ್ಟರಲ್ಲಿ ಅಕ್ಕ ಮಗಳ ಬಾಣಂತನಕ್ಕೆಂದು ಉಡುಪಿಗೆ ಹೊರಟಳು. ಹೋದ ವರ್ಷವಷ್ಟೇ ಭಾವನ ಎದೆಗೆ ಸ್ಟೆಂಟ್ ಹಾಕಿದ್ದರು. ಮನೆಯ ಇನ್ನೊಂದು ಕೀ ನನ್ನ ಕೈಗಿತ್ತು, “ಇವರ ಮೇಲೊಂದು ಕಣ್ಣಿಡು, ಆಯ್ತಾ?” ಎಂದಳು ಅಕ್ಕ.

“ಕಣ್ಣು ಯಾಕಕ್ಕ, ಕಿವಿಯೇ ಸಾಕು!” ಎಂದು ನಕ್ಕಿದ್ದೆ.

ಒಂದು ಗುರುವಾರ ನನಗೆ ಜ್ವರ ಬಂತು. ಭಾವ ಬಂದು ಗಂಜಿ ಮಾಡಿಕೊಟ್ಟು ಹೋದರು. ಮರುದಿನ ಎಚ್ಚರವಾದಾಗ ಗಂಟೆ ಒಂಬತ್ತು. ಏನು ಸೊಗಸಾದ ನಿದ್ದೆ! ಮಗ್ಗುಲು ಬದಲಿಸಿದವನಿಗೆ ಇದ್ದಕ್ಕಿದ್ದಂತೆ ಹೊಳೆಯಿತು: ಗೋಡೆಯಾಚೆ ಶಬ್ದವಿಲ್ಲ.

ಗೋಡೆಗೆ ಕಿವಿಯಿಟ್ಟೆ. ಟಕ್ ಇಲ್ಲ, ಟಕಾರ್ ಇಲ್ಲ. ಓಡಿ ಹೋಗಿ ಬೆಲ್ ಒತ್ತಿದೆ, ಬಾಗಿಲು ಬಡಿದೆ, ಕೂಗಿದೆ. ಉತ್ತರವಿಲ್ಲ. ಫೋನ್ ಮಾಡಬಹುದಿತ್ತೆಂಬ ಬುದ್ಧಿ ಬಂದದ್ದು ಎಲ್ಲ ಮುಗಿದ ಮೇಲೆ. ವಾಪಸು ಓಡಿ ಕೀ ತಂದೆ. ಅವಸರಕ್ಕೆ ಅದು ಎರಡು ಸಲ ಕೆಳಗೆ ಬಿತ್ತು. ಅಕ್ಕನಿಗೆ ಏನೆಂದು ಹೇಳಲಿ?

ಬಾಗಿಲು ತೆರೆದರೆ, ಭಾವ ನನಗೆ ಬೆನ್ನು ಹಾಕಿ ಸೋಫಾದಲ್ಲಿ ಕೂತಿದ್ದರು. ತಲೆಯ ಮೇಲೆ ನಾನು ಕೊಟ್ಟ ಹೆಡ್‌ಫೋನ್. ಬೆರಳು ಟೈಪ್ ಮಾಡುತ್ತಿತ್ತು.

ಹೆಗಲು ಮುಟ್ಟಿದೆ. ಬೆಚ್ಚಿಬಿದ್ದು ಎದ್ದ ರಭಸಕ್ಕೆ ವಯರು ಕಿತ್ತುಬಂದು, ಫೋನು ಬಾಯಿಬಿಟ್ಟು ಅರಚತೊಡಗಿತು. ಕಿಣಿಕಿಣಿ, ಕೊನೆಯ ಹತ್ತು ಸೆಕೆಂಡು!

“ಎಂತಾಯ್ತಾ? ಜ್ವರ ಜೋರಾಯ್ತಾ?” ಅವರ ಅಂಗೈ ನನ್ನ ಹಣೆಯ ಮೇಲಿತ್ತು.

“ಶಬ್ದ ಕೇಳಲಿಲ್ಲ ಭಾವ...”

“ನೀನು ಮಲಗಲಿ ಅಂತ ಇದನ್ನು ಸಿಕ್ಕಿಸಿಕೊಂಡೆ ಮಾರಾಯ.”

“ಭಾವ, ಗಡಿಯಾರ...”

“ಇರಲಿ ಬಿಡು.”

ಫೈರ್ ಅಲಾರಮ್ಮಿಗೂ ಆಟ ಬಿಡದ ಮನುಷ್ಯ ಫೋನಿನ ಕಡೆ ತಿರುಗಿಯೂ ನೋಡಲಿಲ್ಲ. ಕಿಣಿಕಿಣಿ ನಿಂತಿತು. ಭಾವ ಸೋತರು. ನಾನು ಸೋಫಾದಲ್ಲಿ ಕುಸಿದು, ಎದೆಯ ಭಾರ ಇಳಿದ ಸಮಾಧಾನಕ್ಕೆ, ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ಭಾವ ಒಳಗೆ ಹೋಗಿ ಒಂದು ಲೋಟ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ ತಂದು ನನ್ನ ಮುಂದಿಟ್ಟರು. ಆಮೇಲೆ ಫೋನ್ ಎತ್ತಿಕೊಂಡು, ಆಗಲೇ ಎದ್ದುಹೋಗಿದ್ದ ಎದುರಾಳಿಗೆ ಒಂದೇ ಬೆರಳಿನಲ್ಲಿ ಬರೆದರು: ಕ್ಷಮಿಸಿ, ಮನೆಗೆ ನನ್ನ ಭಾವಮೈದ ಬಂದಿದ್ದಾನೆ.

ಹೆಡ್‌ಫೋನನ್ನು ನಾನೇ ಕಿತ್ತುಕೊಂಡು ಬಂದು ಮತ್ತೆ ಮಲಗಿದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಟಕ್ ಎಂದಿತು, ನನ್ನ ಜ್ವರಕ್ಕೆ ಹೆದರಿಕೊಂಡು, ಬಹಳ ಸಣ್ಣಗೆ.

“ಭಾವಾ, ಸೌಂಡ್ ಜಾಸ್ತಿ ಮಾಡಿ!” ಎಂದು ಗೋಡೆ ಬಡಿದೆ.