ಸರೋವರವಾಸಿ ನೀರಾನೆಯವರಿಗೆ, ನಮ್ಮ ಗೇಟಿನ ಬೀಗದ ವಿಷಯವಾಗಿ

ನಲುಬಾಲೆ ಸರೋವರದ ನಮ್ಮ ಕಡೆಯ ದಡದಲ್ಲಿ, ಜೊಂಡಿನ ನಡುವೆ ಮೂಗು ಮಾತ್ರ ಕಾಣುವಂತೆ ವಿರಾಜಮಾನರಾಗಿರುವ ಮಹಾಕಾಯರ ಸನ್ನಿಧಿಗೆ, ದಡದ ಮೇಲಿನ ಶಿಕ್ಷಕರ ತರಬೇತಿ ಕಾಲೇಜಿನ ವಿದ್ಯಾರ್ಥಿ ಸರ್ಕಾರದಲ್ಲಿ ಮನರಂಜನಾ ಮಂತ್ರಿಯಾಗಿರುವ ಪ್ರೊಸ್ಕೋವಿಯಾ ನಂಟುಮೆ ಮಾಡುವ ಸವಿನಯ ವಂದನೆಗಳು.

ಮಾನ್ಯರೇ,

ತಾವು ಆರೋಗ್ಯವಾಗಿದ್ದೀರೆಂದೂ, ತಮ್ಮ ಶರೀರಕ್ಕೆ ತಕ್ಕಷ್ಟು ಹುಲ್ಲು ದಿನವೂ ದೊರೆಯುತ್ತಿದೆಯೆಂದೂ ನಂಬಿದ್ದೇನೆ. ನನ್ನ ಖಾತೆಯ ಆಸ್ತಿಯೆಂದರೆ ಬಾಯಿ ಹರಿದ ಒಂದು ಸ್ಪೀಕರು ಮತ್ತು ಕಳೆದ ಮಂತ್ರಿ ಬಿಟ್ಟುಹೋದ ಬಣ್ಣದ ಕಾಗದದ ಒಂದು ಸುರುಳಿ. ಇವನ್ನು ಇಟ್ಟುಕೊಂಡು ಇಡೀ ಕಾಲೇಜನ್ನು ರಂಜಿಸುವ ಹೊಣೆ ನನ್ನದಾಗಿರುವುದರಿಂದ ತಮ್ಮಂಥ ದೊಡ್ಡವರಿಗೆ ತೊಂದರೆ ಕೊಡಬೇಕಾಗಿ ಬಂದಿದೆ.

ತಾವು ಎರಡು ವರ್ಷದ ಹಿಂದೆ ಒಂದು ಸಂಜೆ ನೀರಿನಿಂದೆದ್ದು ನಮ್ಮ ಫುಟ್‌ಬಾಲ್ ಮೈದಾನಕ್ಕೆ ಮೇಯಲು ಬಂದಿರಿ. ಮೈದಾನ ತಮ್ಮದೇ, ಆಕ್ಷೇಪವಿಲ್ಲ. ನಮ್ಮ ತಂಡಕ್ಕಿಂತ ತಾವೇ ಅದನ್ನು ಚೆನ್ನಾಗಿ ಬಳಸಿದಿರಿ. ಆದರೆ ಮರುದಿನದಿಂದಲೇ ಹುಡುಗಿಯರ ಹಾಸ್ಟೆಲಿನ ಗೇಟಿಗೆ ಸಂಜೆ ಆರಕ್ಕೆ ಬೀಗ ಬಿತ್ತು. ಹುಡುಗರ ಹಾಸ್ಟೆಲು ತಮ್ಮ ನೀರಿಗೆ ಇನ್ನೂ ಹತ್ತಿರದಲ್ಲಿದೆ, ಅದಕ್ಕೆ ಗೇಟೇ ಇಲ್ಲ. ಇದೇಕೆ ಹೀಗೆ ಎಂದು ವಿದ್ಯಾರ್ಥಿಗಳ ಕ್ಷೇಮ ನೋಡಿಕೊಳ್ಳುವ ಡೀನ್ ಶ್ರೀ ಸೆಬುನ್ಯರವರನ್ನು ಕೇಳಿದ್ದಕ್ಕೆ, "ಗಂಡುಹುಡುಗ್ರು ಓಡ್ತಾರಮ್ಮ, ನಿಮ್ಮ ಕೈಲಾಗುತ್ತಾ?" ಎಂದರು. ಕಾಲೇಜಿನ ಓಟದ ಪಂದ್ಯದ ಕಪ್ಪು ಅವರ ಕೋಣೆಯ ಬೀರುವಿನಲ್ಲೇ ಇದೆ, ಅದರ ಮೇಲೆ ಕೆತ್ತಿರುವುದು ನನ್ನ ಹೆಸರು. ಅದರಲ್ಲಿ ಅವರು ಪೆನ್ನುಗಳನ್ನು ಇಡುತ್ತಾರೆ. ಮುಸ್ಸಂಜೆಯಲ್ಲಿ, ಕನ್ನಡಕವಿಲ್ಲದೆ, ಹೆಣ್ಣು ಯಾರು ಗಂಡು ಯಾರು ಎಂದು ಗುರುತಿಸಿ ಹೆಣ್ಣನ್ನು ಮಾತ್ರ ಅಟ್ಟಿಸಿಕೊಂಡು ಬರುವ ತಮ್ಮ ಸೂಕ್ಷ್ಮದೃಷ್ಟಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ನಮ್ಮ ಪೇಟೆಗಿರುವುದು ಒಂದೇ ಬೀದಿ. ಆ ಬೀದಿಗೆ ಜೀವ ಬರುವುದು ಸರಿಯಾಗಿ ನಮ್ಮ ಬೀಗ ಬಿದ್ದ ಮೇಲೆ. ಆಗ ಚಪಾತಿಯೊಳಗೆ ಮೊಟ್ಟೆ ಸುತ್ತಿ ಕೊಡುವವನು ಒಲೆ ಹಚ್ಚುತ್ತಾನೆ, ಹಂದಿಮಾಂಸ ಹುರಿಯುವವನ ಹೊಗೆ ನಮ್ಮ ಕಿಟಕಿಗೇ ಬಂದು ಕೂರುತ್ತದೆ, ವಿಡಿಯೋ ಹಾಲಿನಲ್ಲಿ ಪರದೇಶದ ಸಿನಿಮಾಕ್ಕೆ ಮೈಕು ಹಿಡಿದು ನಿಂತ ನಿಲುವಿನಲ್ಲೇ ನಮ್ಮ ಲುಗಾಂಡ ಭಾಷೆಯ ಮಾತು ಸೇರಿಸುವ ಮಹಾಶಯ ಕೆಲಸ ಶುರುಮಾಡುತ್ತಾನೆ. ಅವನು ಎಲ್ಲ ಖಳನಾಯಕರಿಗೂ ನಮ್ಮ ಡೀನರ ಹೆಸರನ್ನೇ ಇಡುತ್ತಾನಂತೆ. ಹುಡುಗರು ಬಂದು ಹೇಳಿದ್ದು. ಸ್ವತಃ ಕೇಳಿ ಆನಂದಿಸುವ ಭಾಗ್ಯವನ್ನು ತಾವು ನಮಗೆ ಉಳಿಸಲಿಲ್ಲ.

ಹಾಗೆಂದು ನಮಗೆ ರಾತ್ರಿಯೇ ಇಲ್ಲವೆಂದರೆ ಸುಳ್ಳಾಗುತ್ತದೆ. ಅಹೋರಾತ್ರಿ ಪ್ರಾರ್ಥನೆಗೆ ಹೋಗುವವರಿಗೆ ಗೇಟು ತೆರೆಯುತ್ತದೆ, ಏಕೆಂದರೆ ಬೈಬಲ್ ಹಿಡಿದವರನ್ನು ತಾವು ಮುಟ್ಟುವುದಿಲ್ಲವೆಂದು ಡೀನರಿಗೆ ಖಚಿತವಾಗಿ ತಿಳಿದಿದೆ. ಇದರಿಂದ ನಮ್ಮ ಹುಡುಗಿಯರಲ್ಲಿ ಭಕ್ತಿ ಎಷ್ಟು ಉಕ್ಕಿದೆಯೆಂದರೆ, ನನ್ನ ಗೆಳತಿ ಮೆಲಾನಿ ಏಕಕಾಲಕ್ಕೆ ಮೂರು ಪಂಥಗಳಲ್ಲಿ ಪಾಪವಿಮೋಚನೆ ಪಡೆದಿದ್ದಾಳೆ, ಮೂರರಲ್ಲೂ ಗಿಟಾರ್ ನುಡಿಸುವವನು ಒಬ್ಬನೇ. ಇನ್ನು ನನ್ನ ಖಾತೆಯ ನೃತ್ಯಕೂಟ ನಡೆಯುವುದು ಶನಿವಾರ ಮಧ್ಯಾಹ್ನ, ತಗಡಿನ ಸೂರಿನ ಸಭಾಂಗಣದಲ್ಲಿ. ಕಿಟಕಿಗಳಿಗೆಲ್ಲ ಹಾಸ್ಟೆಲಿನ ಕಂಬಳಿ ಕಟ್ಟಿ ಕತ್ತಲು ಮಾಡಿಕೊಂಡು, ಬೆವರಿನಲ್ಲಿ ಮಿಂದು, ರಾತ್ರಿಯಾಗಿದೆಯೆಂದು ಒಬ್ಬರಿಗೊಬ್ಬರು ನಂಬಿಸಿಕೊಂಡು ಕುಣಿಯುತ್ತೇವೆ. ಐದೂವರೆಗೆ ಕಂಬಳಿ ಬಿಚ್ಚಿದರೆ ಹೊರಗೆ ಸುಡುಸುಡು ಬಿಸಿಲು. ಆಮೇಲೆ ಹುಡುಗರು ನಮ್ಮ ಕೂಟದಲ್ಲಿ ಹಾಡಿದ ಹಾಡುಗಾರನ ಹಿಂದೆಯೇ ಪೇಟೆಗೆ ಹೋಗುತ್ತಾರೆ, ನಾವು ಕಂಬಳಿ ಮಡಚಿಕೊಂಡು ಒಳಗೆ ಹೋಗುತ್ತೇವೆ.

ಈ ತಿಂಗಳ ಕೊನೆಯ ಶನಿವಾರ ಕೊನೆಯ ವರ್ಷದವರ ಬೀಳ್ಕೊಡುಗೆ. ನಾನೂ ಕೊನೆಯ ವರ್ಷದವಳು. ಜನವರಿಯಲ್ಲಿ ಯಾವುದೋ ಹಳ್ಳಿಯ ಶಾಲೆಗೆ ಹೋಗುತ್ತೇನೆ, ಅಲ್ಲಿ ನಾನು ಟೀಚರಮ್ಮ, ಟೀಚರಮ್ಮ ಬೀದಿಯಲ್ಲಿ ಕುಣಿದರೆ ಸಂಜೆಯೊಳಗೆ ಶಾಲಾ ಸಮಿತಿಗೆ ದೂರು ಹೋಗುತ್ತದೆ. ನಿಜವಾದ ಕತ್ತಲಲ್ಲಿ, ನಿಜವಾದ ನಕ್ಷತ್ರಗಳ ಕೆಳಗೆ, ಯಾರ ಟೀಚರೂ ಆಗದೆ ಒಂದು ಸಲ ಕುಣಿಯಬೇಕೆಂಬುದು ನನ್ನ ಆಸೆ. ಆಸೆ ಎಂದರೆ ಸಣ್ಣದಾಯಿತು, ಅದಿಲ್ಲದೆ ಇಲ್ಲಿಂದ ಹೋಗಲು ನನಗೆ ಮನಸ್ಸಿಲ್ಲ. ಹಾಗಾಗಿ ಹತ್ತು ಗಂಟೆಯವರೆಗೆ ಗೇಟು ತೆರೆದಿಡಿ ಎಂದು ಡೀನರನ್ನು ಬೇಡಿದೆ. ಅವರು ಬೆಳಗಿನ ಸಭೆಯಲ್ಲಿ, ಪ್ರಾಂಶುಪಾಲರ ಮುಂದೆಯೇ, "ನೀರಾನೆ ಹತ್ರ ಒಪ್ಪಿಗೆ ಬರೆಸ್ಕೊಂಡು ಬಾ, ಸಹಿ ಇರ್ಲಿ, ಆವತ್ತೇ ಗೇಟು ತೆಗೆಸ್ತೀನಿ" ಎಂದರು. ಉಪನ್ಯಾಸಕರೆಲ್ಲ ನಕ್ಕರು. ನಾನು ಧನ್ಯವಾದ ಹೇಳಿ ಈ ಪತ್ರ ಬರೆಯಲು ಕುಳಿತೆ.

ಆದ್ದರಿಂದ ತಾವು ದಯಮಾಡಿ ಒಪ್ಪಿಗೆ ಪತ್ರದ ಮೇಲೆ ಬಲಗಾಲನ್ನೋ ಎಡಗಾಲನ್ನೋ ಊರಬೇಕೆಂದೂ, ಕಾಗದ ಸಾಲದಿದ್ದರೆ ಮೇಜುಬಟ್ಟೆ ತರುತ್ತೇನೆಂದೂ, ಆ ಶನಿವಾರ ಊಟವನ್ನು ಸ್ವಲ್ಪ ತಡವಾಗಿ ಇಟ್ಟುಕೊಳ್ಳಬೇಕೆಂದೂ, ಅದು ಆಗದಿದ್ದರೆ ಮುಖ್ಯ ಅತಿಥಿಯಾಗಿ ಬಂದು ಎರಡು ಮಾತಾಡಬೇಕೆಂದೂ ಪ್ರಾರ್ಥಿಸುತ್ತೇನೆ.

ಇಷ್ಟು ಬರೆದು, ಕಾಗದವನ್ನು ಕೈಯಾರೆ ಮುಟ್ಟಿಸೋಣವೆಂದು ಹಗಲು ಹೊತ್ತಿನಲ್ಲೇ ದೋಣಿಗಟ್ಟೆಗೆ ಹೋಗಿದ್ದೆ. ತಾವು ಈಗ ಎಲ್ಲಿ ತಂಗುತ್ತೀರೆಂದು ಬಲೆ ಒಣಹಾಕುತ್ತಿದ್ದ ಮೀನುಗಾರ ವಾಸ್ವಾನನ್ನು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿ, "ಯಾರಿಗೆ, ಆ ನೀರಾನೆಗಾ ಕಾಗದ? ಅಯ್ಯೋ ಮಗಳೇ, ದೋಣಿ ಮಗುಚ್ತು ಅಂತ ಈಸ್ಟರ್ ಹಿಂದಿನ ವಾರವೇ ವನ್ಯಜೀವಿಯವ್ರು ಗುಂಡು ಹಾಕಿದ್ರಲ್ಲ! ಊರಿಗೆಲ್ಲ ಪಾಲು ಹಂಚಿದ್ವಿ. ಒಂದು ಹಿಂದೊಡೆ ನಿಮ್ಮ ಡೀನ್ ಸಾಹೇಬ್ರ ಮನೆಗೇ ಹೋಯ್ತು, ಅವರೇ ಗಾಡಿ ತಂದಿದ್ರು" ಎಂದ.

ಮಾನ್ಯರೇ, ಪತ್ರದ ಆರಂಭದಲ್ಲಿ ತಮ್ಮ ಆರೋಗ್ಯ ವಿಚಾರಿಸಿದ್ದಕ್ಕಾಗಿ ಕ್ಷಮೆ ಕೋರುತ್ತೇನೆ.

ಆಗ ರಜೆಯಿತ್ತು, ನಾವೆಲ್ಲ ಊರಿಗೆ ಹೋಗಿದ್ದೆವು. ಹಿಂದಿರುಗಿದ ಮೇಲೆ ನಾವು ಪೇಟೆಗೆ ಹೋಗುವುದು ಹಾಸ್ಟೆಲಿನ ಮೇಟ್ರನ್ ಯೂನಿಯಾ ಅಮ್ಮನವರ ಜೊತೆ ಮಾತ್ರ, ಅವರದು ತಮ್ಮದೇ ಕುಲ, ತಮ್ಮನ್ನು ಅಜ್ಜನೆಂದು ನಡೆದುಕೊಳ್ಳುವ ನೀರಾನೆ ಕುಲ. ತಮ್ಮನ್ನು ತಿನ್ನುವುದಿರಲಿ, ತಮ್ಮ ಬಗ್ಗೆ ಹಗುರವಾಗಿ ಒಂದು ಮಾತು ಆಡಿದರೂ ಅವರು ಸಹಿಸುವವರಲ್ಲ. ಅವರೆದುರು ತಮ್ಮ ಮಾಂಸದ ಮಾತೆತ್ತಬಾರದೆಂದು ಇಡೀ ಪೇಟೆ ಮರ್ಯಾದೆಯಿಂದ ಬಾಯಿ ಮುಚ್ಚಿಕೊಂಡಿತ್ತು. ಹುಡುಗರಿಗೆ ಗೊತ್ತಿತ್ತು. ಮೆಲಾನಿಯ ಗಿಟಾರಿನವನನ್ನು ಹಿಡಿದು ಕೇಳಿದರೆ, "ನೀವ್ಯಾರೂ ಕೇಳ್ಲೇ ಇಲ್ವಲ್ಲ" ಎಂದ. ಅವಳು ಈಗ ಮೂರೂ ಪಂಥಗಳನ್ನು ಬಿಟ್ಟಿದ್ದಾಳೆ.

ಹೀಗೆ, ತಾವು ಪರಲೋಕಕ್ಕೆ ತೆರಳಿದ ಮೇಲೂ ಪ್ರತಿ ಸಂಜೆ ಆರಕ್ಕೆ ತಪ್ಪದೆ ಕರ್ತವ್ಯಕ್ಕೆ ಹಾಜರಾಗಿದ್ದೀರಿ. ಬದುಕಿದ್ದಾಗ ಮಳೆ ಬಂದರೆ, ಹೊಟ್ಟೆ ತುಂಬಿದ್ದರೆ ರಜೆ ಹಾಕುತ್ತಿದ್ದಿರಿ. ಸತ್ತ ಮೇಲೆ ಒಂದು ದಿನವೂ ಇಲ್ಲ. ಇಂಥ ನಿಷ್ಠೆಯ ನೌಕರರು ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ಮೇಟ್ರನ್ ಅಮ್ಮನವರು ಪಾಪ, "ಅಜ್ಜ ಬರೋ ಹೊತ್ತಾಯ್ತು, ಒಳಗೆ ನಡೀರಿ" ಎಂದು ದಿನವೂ ಭಕ್ತಿಯಿಂದ ಬೀಗ ಹಾಕುತ್ತಿದ್ದವರು. ನಾನು ಅವರ ಕೋಣೆಗೆ ಹೋಗಿ, ಕೆಳಗೆ ಕುಳಿತು, ನಿಧಾನವಾಗಿ ವಿಷಯ ತಿಳಿಸಿದೆ. ಅವರು ಕೈಯಲ್ಲಿದ್ದ ಬೀಗದ ಕೈಯನ್ನು ಕೆಳಗಿಟ್ಟರು. ಆಮೇಲೆ, "ಈಸ್ಟರ್‌ಗೆ ಡೀನ್ ಮನೆಯಿಂದ ಬಾಳೆಲೇಲಿ ಮಾಂಸ ಬಂದಿತ್ತು. ದನದ್ದು ಅಂದ್ರು. ಹಲ್ಲು ನೋವು ಅಂತ ಪಕ್ಕದ ಮನೆಗೆ ಕೊಟ್ಟೆ. ಅಜ್ಜನೇ ನನ್ನ ಹಲ್ಲು ನೋಯ್ಸಿ ಉಳಿಸ್ದ ಕಣೇ" ಎಂದು ಅತ್ತರು. ಅಳು ಮುಗಿದ ಮೇಲೆ ಕಣ್ಣೊರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ, "ಅಜ್ಜನ ಒಲುಂಬೆ ಯಾರು ಮಾಡಿದ್ರು?"

ಯಾರೂ ಮಾಡಿಲ್ಲ. ಸತ್ತವರ ಮನೆಯಿಂದ ಸಾವನ್ನು ಹೊರಗೆ ಕಳಿಸುವ ಆ ರಾತ್ರಿಯನ್ನು, ಡೋಲು ಬಡಿದು, ಉಂಡು, ಬೆಳಗಾಗುವವರೆಗೆ ಕುಣಿಯುವ ಆ ಕ್ರಿಯೆಯನ್ನು, ತಮಗೆ ಯಾರೂ ಮಾಡಿಲ್ಲ. ಮೇಟ್ರನ್ ಅಮ್ಮನವರು ಈಗ ಅದನ್ನು ಈ ತಿಂಗಳ ಕೊನೆಯ ಶನಿವಾರ ಮೈದಾನದಲ್ಲೇ ಇಟ್ಟುಕೊಂಡಿದ್ದಾರೆ. ಹುಡುಗಿಯರೆಲ್ಲ ತಮ್ಮ ಮೊಮ್ಮಕ್ಕಳ ಲೆಕ್ಕವೆಂದೂ, ಎಲ್ಲರೂ ಬರಲೇಬೇಕೆಂದೂ ಆಜ್ಞೆಯಾಗಿದೆ. ಹತ್ತು ಗಂಟೆಗೆ ಮುಗಿಸಬಹುದೇ ಎಂದು ಡೀನರು ಹೇಳಿಕಳಿಸಿದ್ದಕ್ಕೆ, "ಹತ್ತಕ್ಕೆ ಮುಗಿಯೋ ಒಲುಂಬೆನ ಅವರಪ್ಪನಿಗೆ ಮಾಡಿದ್ರಂತಾ?" ಎಂದು ಉತ್ತರ ಹೋಗಿದೆ. ಸಾವಿನ ಕ್ರಿಯೆಯನ್ನು ತಡೆದವರೆಂಬ ಹೆಸರು ಹೊತ್ತು ನಮ್ಮಲ್ಲಿ ಯಾವ ಡೀನೂ ಬಾಳಲಾರ. ಪೇಟೆಯ ಹಂದಿಮಾಂಸದವನು, ಚಪಾತಿಯವನು, ಮೈಕಿನ ಮಹಾಶಯ, ಎಲ್ಲರೂ ಶೋಕ ಸೂಚಿಸಲು ಒಲೆ ಮತ್ತು ಮೈಕುಗಳ ಸಮೇತ ಬರಲಿದ್ದಾರೆ.

ತಾವು ಬದುಕಿದ್ದಾಗ ನಮ್ಮಿಂದ ಕಿತ್ತುಕೊಂಡ ರಾತ್ರಿಗಳನ್ನೆಲ್ಲ ಸತ್ತು ಒಂದೇ ಕಂತಿನಲ್ಲಿ ಹಿಂದಿರುಗಿಸುತ್ತಿದ್ದೀರಿ. ತಮ್ಮ ಮೇಲಿನ ನನ್ನ ದೂರನ್ನು ಈ ಮೂಲಕ ಹಿಂಪಡೆದಿದ್ದೇನೆ. ಅದು ಸೇರಬೇಕಾದ ವಿಳಾಸ ಬೇರೆಯದೇ ಇತ್ತು.

ತಮ್ಮ ಅಗಲಿಕೆಯಿಂದ ತಡವಾಗಿ ದುಃಖಿತಳಾದ, ತಮ್ಮ ವಿಶ್ವಾಸಿ,
ಪ್ರೊಸ್ಕೋವಿಯಾ ನಂಟುಮೆ
ಮನರಂಜನಾ ಮಂತ್ರಿ (ಸದ್ಯಕ್ಕೆ ಶೋಕ ಖಾತೆಯ ಹೆಚ್ಚುವರಿ ಹೊಣೆ)

ತಾ.ಕ.: ವಾರಸುದಾರನನ್ನು ಕೂರಿಸದೆ ಒಲುಂಬೆ ಮುಗಿಯುವುದಿಲ್ಲವೆಂಬುದು ತಮಗೆ ತಿಳಿದಿದೆ. ಈಸ್ಟರಿನಿಂದ ತಮ್ಮ ಕೆಲಸವನ್ನು ಒಂದು ದಿನವೂ ಬಿಡದೆ ನಡೆಸಿಕೊಂಡು ಬಂದಿರುವ ಶ್ರೀ ಸೆಬುನ್ಯರವರಿಗೇ ವಾರಸಿನ ಗುರುತಾದ ಮರದ ತೊಗಟೆಯ ಬಟ್ಟೆ ಹೊದಿಸಿ ತಮ್ಮ ಸ್ಥಾನದಲ್ಲಿ ಕೂರಿಸುವುದೆಂದು ತೀರ್ಮಾನವಾಗಿದೆ. ಅವರು ತಮ್ಮ ಕುಲದವರಲ್ಲ ಎಂದು ಕೆಲವರು ತಕರಾರು ತೆಗೆದರು, ಅದಕ್ಕೆ ಮೇಟ್ರನ್ ಅಮ್ಮನವರು, "ಅಜ್ಜನ ತೊಡೆ ಅವರ ಹೊಟ್ಟೇಲೇ ಇದೆಯಲ್ಲ, ಇನ್ನೆಷ್ಟು ಹತ್ತಿರದ ಸಂಬಂಧ ಬೇಕು?" ಎಂದು ಬಾಯಿ ಮುಚ್ಚಿಸಿದರು. ಸತ್ತವರು ಬಾಕಿ ಉಳಿಸಿಹೋದ ಕಾಗದಗಳಿಗೆ ವಾರಸುದಾರನೇ ಸಹಿ ಮಾಡಬೇಕಾಗಿರುವುದರಿಂದ, ಡೀನರು ಸಭೆಯಲ್ಲಿ ಕೇಳಿದ್ದ ತಮ್ಮ ಒಪ್ಪಿಗೆ ಪತ್ರವನ್ನು ಅವರ ಮೇಜಿನ ಮೇಲಿಟ್ಟಿದ್ದೇನೆ. ಪೆನ್ನುಗಳು ನನ್ನ ಕಪ್ಪಿನಲ್ಲೇ ಇವೆ.